ಮೂರನೆಯ ದಿನ, ಒಂಬತ್ತೂವರೆಗೆ

ಇಳಿದಾಗ ಲೆಕ್ಕ ಸರಿಯಾಗಿತ್ತು: ನಾವು ಏಳು ಜನ,
ಪೆಟ್ಟಿಗೆ ಹನ್ನೊಂದು. ಅದರಲ್ಲೊಂದು ನನ್ನ ಸುಪರ್ದಿಗೆ,
ನಾನೂರ ಹನ್ನೆರಡು ಓದುವ ಕನ್ನಡಕ,
ನಮ್ಮ ಸಭೆಯವರು ಭಾನುವಾರ ಭಾನುವಾರ ಕೂಡಿಹಾಕಿದ್ದು.
ತೀರಿಕೊಂಡವರದ್ದೂ ಕೆಲವು,
ಕಿವಿಯ ಕಡ್ಡಿಯಲ್ಲಿ ಇನ್ನೂ ತಲೆಯೆಣ್ಣೆಯ ಜಿಡ್ಡು.

ಡಾಂಬರು ಮುಗಿದಲ್ಲಿ ಮಿನಿಬಸ್ಸೂ ಮುಗಿಯಿತು.
ಸೈಕಲ್ ಟ್ಯಾಕ್ಸಿಯ ಸ್ಟೋನಾರ್ಡ್
ಪೆಟ್ಟಿಗೆಯನ್ನು ಹಿಂದಿನ ಸೀಟಿಗೆ ರಬ್ಬರಿನಲ್ಲಿ ಬಿಗಿದು
ಕೇಳಿದ, ತನ್ನ ಅರ್ಧ ಇಂಗ್ಲಿಷಿನಲ್ಲಿ:
ಇಷ್ಟೊಂದು ಕಣ್ಣು ತಂದಿದ್ದೀರಲ್ಲ ಅಮ್ಮ,
ನೋಡಲಿಕ್ಕೆ ಏನಿದೆ ಇಲ್ಲಿ?
ಕೇಳಿ ತಾನೇ ನಕ್ಕ. ತಲೆಗಿಂತ ಎತ್ತರದ ಮೆಕ್ಕೆಜೋಳ,
ಕೆಂಪು ಕೆಸರು, ದೂರದಲ್ಲಿ
ತಗಡು ಬಿಚ್ಚಿಟ್ಟ ಹಾಗೆ ಮಲಾವಿ ಸರೋವರ.
ಅವನ ಸೈಕಲ್ಲಿನ ಹಿಂದೆ ನಡೆದೆ, ಚಪ್ಪಲಿ ಕೈಯಲ್ಲಿ.

ಇಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ.
ಅಂಗಳದಂಚಿನಲ್ಲಿ ನಿಂತು ಕೂಗಬೇಕು:
ಅದು 'ಓಡಿ'ಯೋ 'ಓದಿ'ಯೋ, ನನ್ನ ಕಿವಿಗೆ ತಿಳಿಯದು.
ಒಳಗಿನಿಂದ ಉತ್ತರ ಬರುವ ತನಕ ಕಾಯಬೇಕು.
ಹೋದ ಮನೆಯಲ್ಲೆಲ್ಲ 'ಓಡಿ' ಎಂದೆ,
ಒಬ್ಬರೂ ಓಡಲಿಲ್ಲ, ಚಾಪೆ ಹಾಸಿದರು.
ಈ ತಮಾಷೆ ಅರ್ಥವಾಗುವ ಒಬ್ಬರೇ ಪಾಸ್ಟರ್ ಕರ್ಕಡ;
ಅವರಿಗಾಗ ಹೊಟ್ಟೆ ಕೆಟ್ಟಿತ್ತು.

ಎರಡನೆಯ ದಿನ ಚರ್ಚಿನ ಜಗಲಿಯಲ್ಲಿ ಸಾಲು.
ಹಿರಿಯ ಲಮೆಕಿ ಮಾತು ದಾಟಿಸುತ್ತಿದ್ದ.
ಅಕ್ಷರ ಬಾರದವರಿಗೆ ಸೂಜಿ, ದಾರ ಕೊಟ್ಟು ಪರೀಕ್ಷೆ.
ಅಜ್ಜಿ ನಸಿಬೆಕೊ ಹದಿನಾಲ್ಕು ಹಾಕಿ ತೆಗೆದಳು.
ಅವಳಿಗೆ ಬೇಕಾದ್ದು ಪ್ಲಸ್ ಮೂರು. ಹಿಡಿದದ್ದು
ಪ್ಲಸ್ ಒಂದು, ಕೆಂಪು ಫ್ರೇಮಿನದ್ದು.
ಸೂಜಿಯ ಕಣ್ಣು ಕಂಡಿತೇ?
ಇಲ್ಲವಂತೆ.
ಮತ್ತೆ?
ಇದೇ ಇರಲಂತೆ.
ಸಾಲಿನವರು ಚಪ್ಪಾಳೆ ತಟ್ಟಿದರು.
ನಾನು ಪುಸ್ತಕದಲ್ಲಿ 'ಹೊಂದಿಕೆಯಾಗಿಲ್ಲ' ಎಂದು ಬರೆದೆ.

ಮೂರನೆಯ ದಿನ, ಒಂಬತ್ತೂವರೆಗೆ: ಬೊಂಬೆಯಾಟ,
ಒಳ್ಳೆಯ ಸಮಾರ್ಯದವನ ಕಥೆ.
ಕತ್ತೆಗೂ ಜರಿಯ ಜೀನು ಹೊಲಿದು ತಂದಿದ್ದೆವು.
ಬೆಳಕು ಹರಿಯುವ ಮುಂಚೆ ಲಮೆಕಿ ಬಂದು ನಿಂತ.
ಸ್ಟೋನಾರ್ಡನ ತಾಯಿ ಹೋದಳು, ರಾತ್ರಿ.
ಹಿಟ್ಟಿನ ಗಿರಣಿ ಸದ್ದಿಲ್ಲ. ಹೊಲಕ್ಕೆ ಯಾರೂ ಇಳಿದಿಲ್ಲ.
ಹಾಗಾದರೆ ಸಂಜೆಗೆ ಇಟ್ಟುಕೊಳ್ಳೋಣವೇ, ಎಂದರು ಪಾಸ್ಟರ್.
ಲಮೆಕಿ ಅವರನ್ನು ನೋಡಿದ. ಕತ್ತೆಯನ್ನು ನೋಡಿದ.
ಗಂಡಸರು ಗುಂಡಿ ತೋಡಲಿಕ್ಕೆ, ಎಂದ,
ಹೆಂಗಸರು ಒಲೆಯ ಹತ್ತಿರ.

ನನ್ನ ಪ್ಯಾಂಟಿನ ಮೇಲೆ ಎಸ್ತೇರೆ ತನ್ನ ಚಿತೇಂಜೆ ಸುತ್ತಿದಳು,
ಹಠದ ಮಗುವಿಗೆ ಲಂಗ ಉಡಿಸುವ ಹಾಗೆ
ಒಮ್ಮೆ ಜಗ್ಗಿ, ಗಂಟು ಬಿಗಿದು.
ಒಂದೇ ಒಂದು ಪದ ಕಲಿಸಿದಳು: ಪೆಪಾನಿ.
ತಪ್ಪಾಯಿತು ಎನ್ನುವುದಕ್ಕೂ ಅದೇ,
ನಿಮ್ಮ ಸಂಕಟ ತಿಳಿಯಿತು ಎನ್ನುವುದಕ್ಕೂ ಅದೇ.
ಪ್ರಭುಭೋಜನದ ರೊಟ್ಟಿಯ ಚೂರಿನಂತೆ
ನಾಲಗೆಯ ಮೇಲಿಟ್ಟುಕೊಂಡು ನಡೆದೆ, ಸ್ಟೋನಾರ್ಡನಿಗೆ ಹೇಳಬೇಕೆಂದು,
ತಲೆಯ ಮೇಲೆ ಹೊರಲು ಬಾರದೆ
ಬಕೆಟ್ಟು ನೀರು ಎದೆಗವಚಿಕೊಂಡು.

ಒಲೆಗಲ್ಲು ಎಡವಿದೆ.
ನೀರೆಲ್ಲ ಬೂದಿಗೆ. ಮೊಣಕಾಲು ಸುಲಿದು ರಕ್ತ.
ನಲವತ್ತು ಹೆಂಗಸರು ಒಟ್ಟಿಗೆ: ಪೆಪಾನಿ, ಪೆಪಾನಿ.
ಗೋಡೆಗೊರಗಿ ಕೂತಿದ್ದ ಸ್ಟೋನಾರ್ಡ್ ಕೂಡ
ಊದಿದ ಕಣ್ಣೆತ್ತಿ: ಪೆಪಾನಿ, ಅಮ್ಮ.
ನನ್ನದು ಬಾಯಲ್ಲೇ ಉಳಿಯಿತು.

ಆಮೇಲೆ ಚಾಪೆಯ ಮೇಲೆ ಕಾಲು ನೀಡಿ
ಕುಂಬಳದೆಲೆಯ ದೇಟಿನಿಂದ ನಾರು ಎಳೆಯುತ್ತ ಕೂತೆ.
ಬುಟ್ಟಿಗೆ ಬುಟ್ಟಿ ಎಲೆ. ಮಾತಿಲ್ಲ.
ಕೆಂಪು ಕನ್ನಡಕ ಹಾಕಿಕೊಂಡೇ ಬಂದಿದ್ದ ನಸಿಬೆಕೊ
ನಾನು ಬಿಡಿಸಿಟ್ಟ ಎಲೆಯೊಂದನ್ನು ಎತ್ತಿ,
ಬೆಳಕಿಗೆ ಹಿಡಿದು,
ನನಗೆ ಕಾಣದೇ ಉಳಿದ ಒಂದೆಳೆ ನಾರನ್ನು
ಉಗುರಿನಲ್ಲಿ ಹಿಡಿದು, ಬುಡದ ತನಕ ಎಳೆದಳು.