ಬ್ಯಾಂಡಿನವರ ಬಟ್ಟೆ

ಮಂಡಿ ಮೊಹಲ್ಲಾದ ಒಂದೇ ಶಟರಿನ ಅಂಗಡಿ.
ಬೆಂಚಿನ ಮೇಲೆ ನಾಲ್ಕು ತುಂಡು ಬಟ್ಟೆ:
ಕೆಂಪು, ಬಿಳಿ, ನೀಲಿ, ಮತ್ತೆ ಹೆಸರಿಲ್ಲದ್ದೊಂದು,
ನೆನೆಸಿಟ್ಟ ಹುಣಸೆಯ ಬಣ್ಣ.
ಬಿಸ್ಕತ್ತಿನ ಡಬ್ಬಿಯಲ್ಲಿ ಎರಡು ವರ್ಷದ ದುಡ್ಡು.
ಹನ್ನೆರಡು ಜನ ನಾವು. ಅಭಿಪ್ರಾಯ ಹದಿಮೂರು,
ಅಂತೋಣಿ ಟೀ ಕುಡಿದು ಬರುವಷ್ಟರಲ್ಲಿ
ತನ್ನದನ್ನು ಬದಲಿಸಿದ್ದ.

ಕೆಂಪೇ ಇರಲಿ, ಎಂದ ಇರ್ಫಾನ್,
ಮೊಬೈಲಿನಲ್ಲಿ ಎದ್ದು ಕಾಣುತ್ತೆ.
ಬೆವರಿಗೆ ಬಣ್ಣ ಬಿಡುತ್ತೆ, ಎಂದ ಡೋಲಿನ ಪಳನಿ,
ಪಟ್ಟಿ ಉಜ್ಜಿದ ಹೆಗಲು ತೋರಿಸಿ.
ಬಿಳಿ ಎಂದವನನ್ನು ಎಲ್ಲರೂ ಹಿಡಿದುಕೊಂಡರು:
ಒಗೆಯೋದು ಯಾರು, ನೀನಾ, ನಿಮ್ಮಮ್ಮನಾ?
ನೀಲಿ ಅಗ್ಗ. ಆದರೆ ಅಶೋಕ ರಸ್ತೆಯ ಆ ಇನ್ನೊಂದು ಬ್ಯಾಂಡು
ಹೋದ ವರ್ಷವೇ ನೀಲಿ ತೊಟ್ಟಿತು.
ಮೀಟರಿಗೆ ನಲವತ್ತು ರೂಪಾಯಿ ಉಳಿಸೋಕೆ
ಅವರ ನೆರಳಾಗಬೇಕಾ?

ಲೆಕ್ಕದ ಪುಸ್ತಕ ನನ್ನ ಕೈಲಿ. ಗೆರೆ ಎಳೆದೆ:
ಬೆಲೆ, ಸೆಖೆ, ಕೊಳೆ, ಹೊಳಪು.
ಒಂದೊಂದಕ್ಕೂ ಹತ್ತರಲ್ಲಿ ಎಷ್ಟು, ಹೇಳಿ ಎಂದೆ.
ಟ್ಯೂಬಾದ ಚಿನ್ನಸ್ವಾಮಿ ಸೆಖೆಗೆ ಹದಿನೈದು ಕೊಟ್ಟ.
ಹತ್ತರ ಮೇಲೆ ಇಲ್ಲ ಅಂದರೆ
ನೀನು ಹೊತ್ತು ನೋಡು ಅಂದ.
ಕೂಡಿದೆ, ಕಳೆದೆ. ಅರ್ಧ ಅಂಕದಿಂದ ಕೆಂಪು ಗೆದ್ದಿತು.
ಐದು ಜನ ಎದ್ದು ಚಪ್ಪಲಿ ಹುಡುಕಿದರು.

ಆಗ ಜಬ್ಬಾರ್ ಸಾಬರು,
ಅಷ್ಟು ಹೊತ್ತೂ ಕಾರ್ನೆಟ್ಟಿನ ವಾಲ್ವಿಗೆ ಎಣ್ಣೆ ಬಿಡುತ್ತ ಕೂತವರು,
ತಲೆ ಎತ್ತದೆ ಕೇಳಿದರು:
"ಸಾವಿನ ಮನೆಗೆ ಯಾವುದು ಹಾಕ್ಕೊಂಡು ಹೋಗ್ತೀರಾ?"

ಫ್ಯಾನು ತಿರುಗುವುದು ಕೇಳಿಸಿತು.
ಹೌದಲ್ಲ. ಬೆಳಿಗ್ಗೆ ಬನ್ನಿಮಂಟಪದ ಛತ್ರ,
ಮಧ್ಯಾಹ್ನ ಗಾಂಧಿನಗರದಲ್ಲಿ ಒಂದು ಹೆಣದ ಮುಂದೆ.
ನಡುವೆ ಬದಲಿಸಲು ಹೊತ್ತಿಲ್ಲ,
ಇನ್ನೊಂದು ಜೊತೆಗೆ ಹಣವಿಲ್ಲ.
ನಾನೆಳೆದ ಗೆರೆಗಳಲ್ಲಿ ಆ ಮನೆಯೇ ಇರಲಿಲ್ಲ.

ಚಪ್ಪಲಿಗಳು ಮತ್ತೆ ಬಾಗಿಲಿಗೆ ಹೋದವು.
ಹುಣಸೆ ಬಣ್ಣದ ತುಂಡನ್ನು ಪಳನಿ ನೀರಲ್ಲಿ ಅದ್ದಿ ಹಿಂಡಿದ.
ಯಾರೋ ಬೀದಿದೀಪದ ಕೆಳಗೆ ಹಿಡಿದು ನೋಡಿ ಬಂದರು.
ಇರ್ಫಾನನ ಮುಖ ನೋಡಲಾಗದೆ
ತೋಳಿನ ತುದಿಗೆ ಬೆರಳಗಲ ಕೆಂಪು ಎಂದು ಒಪ್ಪಿದೆವು;
ಸಾವಿನ ದಿನ ಒಳಕ್ಕೆ ಮಡಚಬಹುದು.
ಅಂತೋಣಿ ಮಾತ್ರ: "ನಂಗಿಷ್ಟ ಇಲ್ಲ. ಆದ್ರೆ ಹಾಕ್ಕೋತೀನಿ.
ಹಾಕ್ಕೊಂಡ್ಮೇಲೆ ನೆಟ್ಟಗೇ ಊದ್ತೀನಿ."
ಅದಕ್ಕೆ ಎಷ್ಟು ಅಂಕ ಹಾಕಲಿ?
ಹಾಗೇ ಬರೆದೆ, ಅವನ ಮಾತಲ್ಲೇ.

ಅಳತೆಗೆ ಬಂದ ದರ್ಜಿ ಟೇಪು ಬಿಚ್ಚಿ ಕೇಳಿದ:
ಜೇಬು ಒಂದಾ, ಎರಡಾ?
ಜಬ್ಬಾರ್ ಸಾಬರು ಎದ್ದು ಹೋಗಿ
ಎಲ್ಲರಿಗೂ ಟೀ ಹೇಳಿ ಬಂದರು.