ರೈಟರ್

ವರ್ಷಕ್ಕೆ ನೂರಾ ಇಪ್ಪತ್ತು ಗಂಟೆ ಸೇವೆ.
ನೀಲಿ ಡೈರಿ: ತಾರೀಖು, ಕೆಲಸ, ಗಂಟೆ, ಸಹಿ.
ಮುಗಿಸಿದವರಿಗೆ ಹತ್ತು ಮಾರ್ಕು.

ದಾದರ್ ಚೌಪಾಟಿಯಲ್ಲಿ ಬಳಿದು ಗುಡ್ಡೆ ಹಾಕಿದ ಕಸವನ್ನು
ಫೋಟೊದವನು ತಡವಾಗಿ ಬಂದನೆಂದು
ಮತ್ತೆ ಹರಡಿ, ಮತ್ತೆ ಗುಡಿಸಿದೆವು.
ಪೆಡ್ಣೇಕರ್ ಸರ್ ಎರಡನ್ನೂ ಕೂಡಿಸಿ
ಆರು ಗಂಟೆ ಬರೆದುಕೊಟ್ಟರು.
ನಾನು ಬೇಡ ಅನ್ನಲಿಲ್ಲ.

ಇನ್ನೂ ಮೂರು ಕಮ್ಮಿ ಬಿತ್ತು.
ಕುರುಡು ವಿದ್ಯಾರ್ಥಿಯ ಪರೀಕ್ಷೆಗೆ ರೈಟರ್ ಆಗಿ ಹೆಸರು ಕೊಟ್ಟೆ,
ಕರುಣೆಯಿಂದಲ್ಲ, ಹೇಳಿಬಿಡುತ್ತೇನೆ.

ಮಾಟುಂಗಾ. ಜಿಮಖಾನೆಯ ಪಕ್ಕದ ಕೋಣೆ.
ಮುರಿದ ಕ್ಯಾರಂ ಬೋರ್ಡುಗಳ ನಡುವೆ ಎರಡು ಕುರ್ಚಿ.
ಓಂಕಾರ ಭಿಂಗಾರ್ಡೆ, ಕಡೆಯ ವರ್ಷ, ಭೂಗೋಳ,
ನನಗಿಂತ ಮೊದಲೇ ಬಂದು ಕೂತಿದ್ದ.
"ನಿನ್ನ ಅಕ್ಷರ ಹೇಗಿದೆ?"
"ಚೆನ್ನಾಗಿದೆ."
"ಎಲ್ಲರೂ ಹಾಗೇ ಅಂತಾರೆ."

ಅವನು ಹೇಳಿದ, ನಾನು ಬರೆದೆ.
ಪ್ರತಿ ವಾಕ್ಯದ ಕೊನೆಗೆ 'ಪೂರ್ಣವಿರಾಮ' ಅನ್ನುವನು,
ಡಬ್ಬಿಯ ಮುಚ್ಚಳ ಒತ್ತಿ ಕೂರಿಸಿದ ಹಾಗೆ.
ಮುಂದಿನ ವಾಕ್ಯಕ್ಕೆ ಮುಂಚೆ
ಅವನ ಬೆರಳು ಡೆಸ್ಕಿನ ಮೇಲೆ
ಇಲ್ಲದ ಚುಕ್ಕಿಗಳನ್ನು ತಡವುತ್ತಿದ್ದವು.

ನಾಲ್ಕನೇ ಪ್ರಶ್ನೆ. ಮೀಠಿ ನದಿ.
"ಮೀಠಿ ಹುಟ್ಟುವುದು ತುಳಸಿ ಕೆರೆಯಲ್ಲಿ, ಪೂರ್ಣವಿರಾಮ."

ಪೆನ್ನು ನಿಂತಿತು.
ನಾನು ಕುರ್ಲಾದವಳು. ಮೀಠಿ
ಪ್ರತಿ ಜುಲೈಗೆ ನಮ್ಮ ಮನೆಗೆ ಬಂದು
ಕೇಳದೆ ಮಂಚದವರೆಗೂ ಏರುವವಳು.
ಅವಳ ತವರು ವಿಹಾರ ಕೆರೆ, ಪವಾಯಿ ಕೆರೆ.
ನನಗೆ ಗೊತ್ತಿಲ್ಲದೆ ಇನ್ನಾರಿಗೆ ಗೊತ್ತು?

ಸೂಪರ್ವೈಸರ್ ಮೇಡಂ ಪದಬಂಧ ತುಂಬುತ್ತಿದ್ದರು.
ಮರಾಠಿಯಲ್ಲಿ ಎರಡಕ್ಕೂ ಮೂರೇ ಅಕ್ಷರ.
ಪೆನ್ನಿನ ಸದ್ದು ಹೆಚ್ಚೂಕಡಿಮೆ ಒಂದೇ ಉದ್ದ.

ಈ ಕೈಗೆ ಇದು ಹೊಸದೂ ಅಲ್ಲ.
ಆಧಾರ್ ಫಾರಮ್ಮಿನಲ್ಲಿ ವಯಸ್ಸು ಕೇಳಿದಾಗ
ಅವ್ವ "ನಲವತ್ತೋ, ಐವತ್ತೋ" ಅಂದಿದ್ದಳು.
ಕ್ಯೂ ಉದ್ದವಿತ್ತು.
ನಲವತ್ಮೂರು ಅಂತ ನಾನೇ ಬರೆದೆ.
ಅಂದಿನಿಂದ ನನ್ನ ಲೆಕ್ಕದಲ್ಲೇ ಅವಳಿಗೆ ವಯಸ್ಸಾಗುತ್ತಿದೆ.

ವಿಹಾರ, ಎಂದು ಬರೆದೆ.

"ಓದು," ಎಂದ.
ಕಣ್ಣು ವಿಹಾರ ನೋಡಿ ಬಾಯಿ ತುಳಸಿ ಅಂದರೆ ಸಾಕಿತ್ತು.
ಬಾಯಿಗೆ ಅಷ್ಟು ಜಾಣತನ ಬರಲಿಲ್ಲ.

ಲೋಕಲ್ ಒಂದು ಪೂರ್ತಿ ಹಾದುಹೋಯಿತು.
"ನಾನು ಹಾಗೆ ಹೇಳಿದೆನಾ?"
"ಇಲ್ಲ."
"ನಿನ್ನ ಪರೀಕ್ಷೆ ಯಾವಾಗ?"
"ಮುಂದಿನ ವಾರ."
"ಅಲ್ಲಿ ಬರಿ."

ಹೊಡೆದುಹಾಕಿದೆ. ಅವನದನ್ನು ಮೇಲೆ ಬರೆದೆ.
ಆಮೇಲೆ ಅವನು ಪ್ರತಿ ಸಾಲನ್ನೂ ಓದಿಸಿ ಕೇಳಿದ.
ಸಮಯ ಸಾಲದೆ ಕೊನೆಯ ಪ್ರಶ್ನೆ ಉಳಿಯಿತು.
ಅದು ಯಾರ ಲೆಕ್ಕಕ್ಕೆ?

ಸರ್ ನಾಲ್ಕು ಗಂಟೆ ಕೊಟ್ಟರು.
ಡೈರಿ ತಿರುವಿ, ದಾದರಿನ ಆರನ್ನು ಮೂರು ಮಾಡಿದೆ.
"ಎರಡು ಕಮ್ಮಿ ಬಿತ್ತಲ್ಲ, ಹುಚ್ಚಿ!" ಎಂದು ಬೈದು
ಭಾನುವಾರ ಗಿಡಕ್ಕೆ ನೀರು ಹಾಕಲು ಕರೆದರು.
ಹೋದೆ. ಫೋಟೊದವನು ಅಲ್ಲಿಗೂ ಬಂದಿದ್ದ.

ಜುಲೈ. ನೀರು ಮೊಣಕಾಲಿಗೆ.
ಮಂಚದ ಮೇಲೆ ಅವ್ವ, ತೊಡೆಯ ಮೇಲೆ ಕಾಗದಪತ್ರದ ಡಬ್ಬಿ.
ಎದುರು ಅಟ್ಟದಿಂದ ಮುನಿರ್ ಚಾಚಾ ಕೂಗಿ ಹೇಳುತ್ತಿದ್ದರು:
"ತುಳಸಿ ತುಂಬಿ ವಿಹಾರಕ್ಕೆ ಬಿತ್ತಂತೆ,
ವಿಹಾರ ತುಂಬಿ ನಮಗೆ."

ಹಾಗಾದರೆ ಅವನು
ನನಗಿಂತ ಒಂದು ಕೆರೆ ಮೇಲಿನಿಂದ ಹೇಳಿದ್ದ.
ಮಾರ್ಕು ಬಂತೋ ಇಲ್ಲವೋ, ಗೊತ್ತಿಲ್ಲ.

ಕತ್ತಲಲ್ಲಿ ಕೇಳಿದೆ:
ಅವ್ವಾ, ನಿನಗ ಖರೇನ ವಯಸ್ಸೆಷ್ಟು?
ಡಬ್ಬಿಯನ್ನು ಇನ್ನಷ್ಟು ಎದೆಗೆ ಒತ್ತಿಕೊಂಡು ಅಂದಳು,
"ನೀ ಬರದದ್ದೆಷ್ಟು? ಅಷ್ಟ."