ಪಾಲಿಗೆ ಬಂದ ಜೀಪು

ರಂಪಣಿ ಮುರಿದ ವರ್ಷ
ಇಪ್ಪತ್ತೆರಡು ಪಾಲುದಾರರು ಮಾಜಾಳಿಯ ಮರಳಲ್ಲಿ ಕೂತು
ಹಂಚಿಕೊಂಡೆವು: ಬಲೆ ಬಡಗಣ ಕೇರಿಗೆ,
ಹಗ್ಗ ದೇಮುವಿಗೆ,
ದೋಣಿ ಯಾರಿಗೂ ಬೇಡವಾಗಿ ಸೌದೆಗೆ.
ಚೀಟಿ ಎತ್ತಿದಾಗ ನನಗೆ ಬಂದದ್ದು
ಆ ದೋಣಿಯನ್ನು ದಡಕ್ಕೆ ಎಳೆಯುತ್ತಿದ್ದ ಹಳೇ ಜೀಪು.

ಹದಿನಾಲ್ಕು ವರ್ಷ ಅದಕ್ಕೆ ಬ್ರೇಕ್ ಇರಲಿಲ್ಲ.
ಇಲ್ಲವೆಂದು ಯಾರಿಗೂ ಅನಿಸಿರಲೂ ಇಲ್ಲ.
ಮರಳಲ್ಲಿ ಕಾಲು ತೆಗೆದರೆ ಸಾಕು,
ಮರಳೇ ನಿಲ್ಲಿಸುತ್ತದೆ,
ಸಾಲ ಕೊಟ್ಟವನ ಹಾಗೆ, ಪಂಚೆಯ ತುದಿ ಹಿಡಿದು.

ಈಗ ಸುಗಂಧಿಗೆ ಘಟ್ಟ ಹತ್ತಬೇಕಂತೆ,
ಒಣ ಬಂಗಡೆ, ಶೆಟ್ಲಿ ತುಂಬಿಕೊಂಡು
ಮಂಗಳವಾರ ಶಿರಸಿ ಸಂತೆಗೆ.
‘ಹತ್ತುವುದು ಹತ್ತುತ್ತದೆ’ ಅಂದೆ.
‘ಇಳಿಯುವುದು?’ ಅಂದಳು.
ದೇವಿಮನೆ ಘಟ್ಟದಲ್ಲಿ ಮರಳಿಲ್ಲ.

ಕೋಡಿಬಾಗದ ಕಾಯ್ತಾನ್ ಬಾಬ ಚಕ್ರ ಬಿಚ್ಚಿದ.
ಡ್ರಮ್ಮು ಬರಲಿಲ್ಲ.
ಎರಡು ರಾತ್ರಿ ಡೀಸೆಲ್ ಕುಡಿಸಿದ.
ಮೂರನೇ ಬೆಳಿಗ್ಗೆ ಸುತ್ತಿಗೆ ಹಿಡಿದು ಅಂಚಿಗೆ ಬಡಿಯುತ್ತಾ
ಕೊಂಕಣಿಯಲ್ಲಿ ಅದರ ಅಜ್ಜಿಯ ತನಕ ಬೈದ.
ಬಿತ್ತು.
ಒಳಗೆ ಒಂದು ಹಿಡಿ ಮಾಜಾಳಿ,
ಚಿಪ್ಪಿನ ಚೂರು, ತಂಗೂಸಿನ ಗಂಟು,
ಮತ್ತೆ, ನಗಬೇಡಿ,
ಒಣಗಿ ಗರಿಗರಿಯಾದ ಒಂದು ಏಡಿಮರಿ.
ಲೈನಿಂಗ್ ಸವೆದು ರಿವೆಟ್ಟಿನ ತಲೆಗಳಷ್ಟೇ ಉಳಿದಿದ್ದವು.
ಸಿಲಿಂಡರಿನ ಪಿಸ್ಟನ್ನು
ಬಂಡೆಗಂಟಿದ ಕಲ್ವದಂತೆ ಬಾಯಿ ಕಚ್ಚಿ ಕೂತಿತ್ತು.

ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಲಿ
ರಬ್ಬರ್ ಕಪ್ಪುಗಳು ಬಂದವು, ಎಂಟರಲ್ಲಿ ಏಳು.
ಆ ವಾರ ಹಾಗೇ ಹೋಯಿತು.
ಉಪ್ಪು ತಿಂದ ಪೈಪು ಕಿತ್ತೆಸೆದು
ಹೊಸದನ್ನು ಬಾಬ ಮೊಣಕಾಲಿಗಿಟ್ಟು ಬಗ್ಗಿಸಿದ,
ಅಳತೆಯಿಲ್ಲ, ಗುರುತಿಲ್ಲ,
ಬಾಯಲ್ಲಿ ಬೀಡಿ, ಕಣ್ಣು ರಸ್ತೆಯ ಮೇಲೆ.

‘ದೂರದ ಚಕ್ರ ಮೊದಲು’ ಅಂದ. ‘ಹಿಂದಿನ ಎಡ.’
ನಾನು ಅಡಿಯಲ್ಲಿ ಅಂಗಾತ, ಸ್ಪ್ಯಾನರ್ ಹಿಡಿದು.
ಸುಗಂಧಿ ಮೇಲೆ ಸೀಟಿನಲ್ಲಿ, ಚಪ್ಪಲಿ ಕಳಚಿಟ್ಟು.
ಅವಳ ಕಾಲು ನನಗೆ ಕಾಣದು,
ನನ್ನ ಮುಖ ಅವಳಿಗೆ.

ಒತ್ತು.
ಒತ್ತಿದೆ.
ಹಿಡಿ.
ಹಿಡಿದಿದ್ದೇನೆ.
ನಿಪ್ಪಲ್ ಸಡಿಲಿಸಿದರೆ ನಳಿಗೆಯಲ್ಲಿ ಗುಳ್ಳೆ, ಗುಳ್ಳೆ,
ಉರಾಕಿನ ಖಾಲಿ ಬಾಟಲಿಯಲ್ಲಿ ಮೇಲೆದ್ದು ಒಡೆಯುತ್ತವೆ.
ಬಿಗಿದೆ. ಬಿಡು.
ಬಿಟ್ಟೆ.

ಬಲೆಯ ಎರಡು ತುದಿಯಲ್ಲಿ ನಿಂತವರು
ಹೀಗೇ ಎಳೆಯುತ್ತಿದ್ದೆವು, ಮುಖ ಕಾಣದೆ,
ಬರೀ ಕೂಗಿನ ಅಂದಾಜಿನಲ್ಲಿ.
ಮನೆಯಲ್ಲಿ ಮಾತ್ರ ಆ ಅಭ್ಯಾಸ ಆಗಿರಲಿಲ್ಲ.
ಇಪ್ಪತ್ತು ವರ್ಷದಲ್ಲಿ ಒಂದೇ ಮಧ್ಯಾಹ್ನ
ನಾವು ಇಷ್ಟು ಮಾತಾಡಿದ್ದಿಲ್ಲ.

ಒಮ್ಮೆ ಬಿಗಿಯುವ ಮೊದಲೇ ಬಿಟ್ಟಳು, ಗಾಳಿ ಒಳಗೆ ಹೋಯಿತು.
‘ಬಿಡು ಅಂದೆನಾ ನಾನು?’
‘ಅಂದಿರಿ.’
‘ಅದು ಬಾಬ ಕೆಮ್ಮಿದ್ದು.’
ಮತ್ತೆ ಮೊದಲಿನಿಂದ.

ನಾಲ್ಕನೇ ಚಕ್ರಕ್ಕೆ ಗುಳ್ಳೆ ನಿಂತವು.
ಮೇಲಿನಿಂದ ಅವಳ ದನಿ, ಮೆಲ್ಲಗೆ:
‘ರೀ, ಕಾಲಿಗೆ ನೆಲ ಸಿಕ್ಕಿತು.’

ಸಂಜೆ ಕಾಳಿ ಸೇತುವೆ ದಾಟಿ
ಸದಾಶಿವಗಡದ ಗುಡ್ಡ ಹತ್ತಿ ತಿರುಗಿಸಿದೆವು.
ಇಳಿಜಾರು. ಕೆಳಗೆ ನದಿ, ಸೇತುವೆ, ಸಮುದ್ರ,
ತಿರುವಿನಲ್ಲಿ ಗೋಣಿಚೀಲ ಹೊತ್ತ ಒಬ್ಬ ಮುದುಕ.
ನಾನು ಕಾಲು ತೆಗೆದೆ.
ತೆಗೆದು ಕಾದೆ.
ಹದಿನಾಲ್ಕು ವರ್ಷದ ಕಾಲು ಅದು,
ಮರಳು ಬಂದು ಹಿಡಿಯಲಿ ಎಂದು
ಸುಮ್ಮನೆ ಗಾಳಿಯಲ್ಲಿ ಕಾಯುತ್ತಿತ್ತು.

‘ಒತ್ತು!’ ಅಂದಳು ಸುಗಂಧಿ.
ಒತ್ತಿ ಅಲ್ಲ, ಒತ್ತಿರಿ ಅಲ್ಲ.
ಒತ್ತು.

ಒತ್ತಿದೆ.

ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿದವು.
ಮುದುಕ ತಿರುಗಿಯೂ ನೋಡದೆ ಹೋದ.
ಇಂಜಿನ್ ಆರಿ, ಆ ಓರೆಯಲ್ಲಿ
ಮೂವರೂ ಮುಂದಕ್ಕೆ ವಾಲಿಕೊಂಡೇ ಕೂತೆವು.
‘ಹಿಡಿ’ ಅಂದಳು, ಇನ್ನೊಮ್ಮೆ.
‘ಹಿಡಿದಿದ್ದೇನೆ.’

ಹಿಂದಿನಿಂದ ಬಾಬ ಬೀಡಿ ಹಚ್ಚಿದ:
‘ಎಡಕ್ಕೆ ಒಂದು ಗೇಣು ಎಳೀತದೆ.
ನಾಳೆ ಮತ್ತೆ ಬಿಚ್ಚುವಾ.’